ಸಾಸಿವೆ ಡಬ್ಬದಿಂದ ಶುರು ಮಾಡಿ: ನಯಾಪೈಸೆ ಕಾಲದ ಚಿಲ್ರೆ ಕೂಡಿಸೋದು ಹೇಗೆ

ತುಮಕೂರು ಮಂಡಿಪೇಟೆಯಲ್ಲಿ ತಾತನ ಕಾಲದಿಂದ ನಮ್ದೊಂದು ಸಣ್ಣ ದಿನಸಿ ಅಂಗಡಿ ಇತ್ತು. ಅದನ್ನ ಮುಚ್ಚಿದ ದಿನ ಅಪ್ಪ ಬೇರೆ ಎಲ್ಲಾ ಸಾಮಾನು ಮಾರಿ ಗಲ್ಲಾಪೆಟ್ಟಿಗೆ ಒಂದನ್ನ ಮಾತ್ರ ಮನೆಗೆ ತಂದ್ರು. ಹಲಸಿನ ಮರದ ಪೆಟ್ಟಿಗೆ, ಒಳಗೆ ಚಿಲ್ರೆ ಬೇರೆ ಬೇರೆ ಹಾಕೋಕೆ ಗುಂಡಗೆ ಬಟ್ಟಲು ಬಟ್ಟಲಾಗಿ ಕೊರೆದಿದಾರೆ, ಕೈ ಆಡಿ ಆಡಿ ಆ ಬಟ್ಟಲುಗಳ ಅಂಚೆಲ್ಲ ನುಣ್ಣಗೆ ಕಪ್ಪಗೆ ಹೊಳೀತಿದೆ. ಒಂದಿನ ಧೂಳು ಒರೆಸುವಾಗ ಅಲ್ಲಾಡಿಸಿದ್ರೆ ಒಳಗಿಂದ ಗಳಗಳ ಅಂತು. ತಳದ ಹಲಗೆ ಸಡಿಲ ಆಗಿತ್ತು, ಸ್ಕ್ರೂಡ್ರೈವರ್ ಹಾಕಿ ಎತ್ತಿದ್ರೆ ಬೆಲ್ಲದ ಪುಡಿ, ಒಣಗಿದ ಮೆಣಸಿನಕಾಯಿ ಬೀಜ, ಅದರ ಮಧ್ಯೆ ಚೌಕದ ಐದು ಪೈಸೆಗಳು, ಆರು ಮೂಲೆಯ ಮೂರು ಪೈಸೆ ಎರಡು, ಕಂಚಿನ ಒಂದು ನಯಾಪೈಸೆ ಒಂದು. ಒಟ್ಟು ಹತ್ತೊಂಬತ್ತು. ನನ್ನ ಕಲೆಕ್ಷನ್ ಶುರು ಆಗಿದ್ದೇ ಅಲ್ಲಿಂದ, ಇವತ್ತಿಗೂ ನನ್ ಹತ್ರ ಇರೋದ್ರಲ್ಲಿ ನಂಗೆ ತುಂಬಾ ಇಷ್ಟ ಅಂದ್ರೆ ಆ ಹತ್ತೊಂಬತ್ತೇ.

ಇದನ್ನ ಯಾಕೆ ಮೊದ್ಲು ಹೇಳ್ದೆ ಅಂದ್ರೆ, ಹಳೇ ನಾಣ್ಯ ಅಂದ ತಕ್ಷಣ ಜನ ಕೇಳೋ ಮೊದಲ ಪ್ರಶ್ನೆ "ಎಷ್ಟು ಲಕ್ಷ ಬರುತ್ತೆ?" ಅಂತ. ಬರಲ್ಲ. ನಮ್ಮ ನಿಮ್ಮ ಮನೇಲಿ ಸಿಗೋ ಹತ್ತು ಪೈಸೆ, ನಾಲ್ಕಾಣೆ, ಎಂಟಾಣೆಗಳನ್ನ ಟಂಕಸಾಲೆಯವರು ಕೋಟಿಗಟ್ಟಲೆ ಹೊಡೆದಿದಾರೆ, ವ್ಯಾಪಾರಿಗಳು ಅದನ್ನ ಕಿಲೋ ಲೆಕ್ಕದಲ್ಲಿ ಮಾರ್ತಾರೆ. ಆದ್ರೆ ಅದೇ ನಾಣ್ಯ ಬಸ್ ಕಂಡಕ್ಟರ್ ಬ್ಯಾಗಲ್ಲಿ, ಹೂವಿನ ಅಜ್ಜಿ ಸೆರಗಿನ ಗಂಟಲ್ಲಿ, ಅಂಗಡಿ ಗಲ್ಲಾದಲ್ಲಿ ಓಡಾಡಿ ಸವೆದು ಬಂದಿರುತ್ತಲ್ಲ, ನಂಗೆ ಬೇಕಾಗಿರೋದು ಅದು. ಬೆಳ್ಳಿ ರೂಪಾಯಿನ ಜೋಪಾನ ಮಾಡೋಕೆ ಬೇಕಾದಷ್ಟು ಜನ ಇದಾರೆ, ಮೂರು ಪೈಸೆ ಕೇಳೋರು ಕಡಿಮೆ, ಹಾಗಾಗಿ ನೀವು ಮೂರು ಪೈಸೆ ಕಡೆ ನೋಡಿ ಅಂತ ನನ್ನ ಬೇಡಿಕೆ.

ಹುಡುಕೋದು ಮನೆಯಿಂದ. ಸಾಸಿವೆ ಡಬ್ಬ, ಜೀರಿಗೆ ಡಬ್ಬದ ತಳ ನೋಡಿ, ನಮ್ಮ ಕಡೆ ಹೆಂಗಸರ ಬ್ಯಾಂಕೇ ಅದಾಗಿತ್ತು. ಅಜ್ಜಿ ಎಲೆಅಡಿಕೆ ಸಂಚಿ, ಹಳೇ ಟ್ರಂಕಿನ ತಳಕ್ಕೆ ಹಾಸಿರೋ ಪೇಪರ್ ಅಡಿ, ಹೊಲಿಗೆ ಮೆಷಿನ್ ಡ್ರಾ, ಮಕ್ಕಳ ಮಣ್ಣಿನ ಹುಂಡಿ. 1943ರಿಂದ 1947ರವರೆಗೆ ಬ್ರಿಟಿಷರು ಹೊಡೆದ ತೂತು ಇರೋ ಒಂದು ಪೈಸೆ ನೋಡಬೇಕಂದ್ರೆ ಡಬ್ಬಕ್ಕಿಂತ ಮಗುವಿನ ಉಡದಾರ ಇಟ್ಟ ಪೊಟ್ಟಣ ಬಿಚ್ಚಿ, ಯುದ್ಧದ ಕಾಲದಲ್ಲಿ ಲೋಹ ಉಳಿಸೋಕೆ ನಡುವೆ ತೂತು ಬಿಟ್ಟಿದ್ದು, ನಮ್ಮೋರು ಅದಕ್ಕೆ ದಾರ ಪೋಣಿಸಿ ಮಗು ಸೊಂಟಕ್ಕೆ ಕಟ್ಟಿದ್ರು. 1968ರಿಂದ 1971ರವರೆಗಿನ ತಾವರೆ ಹೂವಿನ ಇಪ್ಪತ್ತು ಪೈಸೆ ಹಳದಿ ಬಣ್ಣದ್ದು, ಅದು ಡಬ್ಬದಲ್ಲಿ ಇರಲ್ಲ, ದೇವರ ಮನೇಲಿ ಇರುತ್ತೆ, ಬಂಗಾರದ ಬಣ್ಣ, ಮೇಲೆ ಲಕ್ಷ್ಮಿಯ ತಾವರೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಇಡೋಕೆ ಅಂತ ಎತ್ತಿಟ್ಟಿರ್ತಾರೆ. ಬಂಗಾರ ಬೆರೆಸಿದಾರೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಅದು ತಾಮ್ರದ ಮಿಶ್ರಲೋಹ ಅಷ್ಟೆ.

ಒಂದು ಮಾತು ಖಡಾಖಂಡಿತ. ಹಳದಿ ಬಟ್ಟೇಲಿ ಕಟ್ಟಿಟ್ಟ ಮುಡಿಪು ಬಿಚ್ಚಬೇಡಿ. ತಿರುಪತಿಗೋ ಧರ್ಮಸ್ಥಳಕ್ಕೋ ಹರಕೆ ಹೊತ್ತು ಕಟ್ಟಿರೋದು ಅದು, ಒಳಗೆ ಎಂಥ ನಾಣ್ಯ ಇದ್ರೂ ಅದು ನಮ್ದಲ್ಲ. ಗೊರವನಹಳ್ಳಿ ಕಡೆಯೋ ದೇವರಾಯನದುರ್ಗದ ಕಡೆಯೋ ಹೋದಾಗ ಹುಂಡಿ ಪಕ್ಕ, ಕಲ್ಯಾಣಿ ಮೆಟ್ಟಿಲ ಮೇಲೆ ಬಿದ್ದಿರೋ ಕಾಸಿಗೂ ಇದೇ ಮಾತು.

ಸಿಕ್ಕಿದ ಮೇಲೆ ಇದು ಯಾವ ಕಾಲದ್ದು ಅಂತ ಗುರುತು ಹಿಡೀಬೇಕಲ್ಲ, ಅದಕ್ಕೆ ನಾಲ್ಕೈದು ಇಸವಿ ತಲೇಲಿ ಇಟ್ಕೊಂಡ್ರೆ ಸಾಕು. 1950ರ ಆಗಸ್ಟ್ 15ಕ್ಕೆ ರಾಜನ ತಲೆ ಹೋಗಿ ಅಶೋಕಸ್ತಂಭದ ಸಿಂಹ ಬಂತು, ಆದ್ರೆ ಲೆಕ್ಕ ಇನ್ನೂ ಆಣೆದೇ, ಹದಿನಾರಾಣೆಗೆ ಒಂದು ರೂಪಾಯಿ, ಆ ಕಾಲದ ಒಂದು ಪೈಸೆ ಮೇಲೆ ಕುದುರೆ, ಎರಡಾಣೆ ಮೇಲೆ ಬಸವ. 1957ರ ಏಪ್ರಿಲ್ 1ಕ್ಕೆ ದಶಮಾಂಶ ಲೆಕ್ಕ ಬಂತು, ರೂಪಾಯಿಗೆ ನೂರು ನಯಾಪೈಸೆ. ಒಂದಾಣೆ ಅಂದ್ರೆ ಆರೂಕಾಲು ನಯಾಪೈಸೆ, ಕಾಲು ಪೈಸೆ ಎಲ್ಲಿಂದ ತರೋದು? ತಾತ ಹೇಳ್ತಿದ್ರು, ಆ ವರ್ಷ ಪೂರ್ತಿ ಅಂಗಡೀಲಿ ಗಿರಾಕಿ ಜೊತೆ ಇದೇ ಜಗಳ ಅಂತೆ. ನಾಲ್ಕಾಣೆಗೆ ಸರಿಯಾಗಿ 25, ಎಂಟಾಣೆಗೆ 50 ಬರೋದ್ರಿಂದ ಆ ಎರಡು ಹೆಸರು ಮಾತ್ರ ಬಾಯಲ್ಲಿ ಉಳ್ಕೊಂಡ್ವು, ಆಣೆ ಕಣ್ಣಲ್ಲೇ ನೋಡದ ನನ್ನಂಥೋರೂ ನಾಲ್ಕಾಣೆ ಎಂಟಾಣೆ ಅಂತಲೇ ಅಂದಿದ್ದು. ಜನಕ್ಕೆ ಗೊಂದಲ ಆಗಬಾರದು ಅಂತ ನಾಣ್ಯದ ಮೇಲೇ ಹಿಂದೀಲಿ ರೂಪಾಯಿಯ ನೂರನೇ ಭಾಗ, ಹತ್ತನೇ ಭಾಗ, ನಾಲ್ಕನೇ ಭಾಗ ಅಂತ ಬರೆದಿದಾರೆ ನೋಡಿ. ಏಳು ವರ್ಷ ಕಳೆದು 1964ರ ಜೂನ್ 1ಕ್ಕೆ "ನಯಾ" ಬಿಟ್ಟುಹೋಯ್ತು, ಬರೀ ಪೈಸೆ ಆಯ್ತು. ಅದೇ ವರ್ಷ ಮೂರು ಪೈಸೆ ಹುಟ್ಟಿದ್ದು. ಆಮೇಲೆ ಲೋಹದ ಬೆಲೆ ಏರಿ ಒಂದೊಂದೇ ಚಿಲ್ರೆ ಅಲ್ಯೂಮಿನಿಯಂ ಆಯ್ತು, ನಮ್ಮ ವಯಸ್ಸಿನೋರಿಗೆ ನೆನಪಿರೋ ಊದಿದ್ರೆ ಹಾರೋ ಹಾಗಿದ್ದ ಹಗುರ ಹತ್ತು ಪೈಸೆ ಅದೇ. 1988ರಿಂದ ಸಣ್ಣ ಸ್ಟೀಲ್ ಹತ್ತು ಪೈಸೆ, ಘೇಂಡಾಮೃಗದ 25 ಪೈಸೆ. ಕೊನೆಗೆ 2011ರ ಜೂನ್ 30ಕ್ಕೆ 25 ಪೈಸೆ ಮತ್ತೆ ಅದಕ್ಕಿಂತ ಕೆಳಗಿನದ್ದೆಲ್ಲ ಚಲಾವಣೆಯಿಂದ ಹೋಯ್ತು. ಎಂಟಾಣೆ ಕಾನೂನು ಪ್ರಕಾರ ಇವತ್ತಿಗೂ ನಡೆಯೋ ದುಡ್ಡೇ, ಅಂಗಡಿಯೋರು ತಗೊಳ್ಳಲ್ಲ ಅಷ್ಟೆ.

ಈಗ ಎಲ್ಲಾನೂ ಒಟ್ಟಿಗೆ ಕೂಡಿಸೋಕೆ ಹೋಗ್ಬೇಡಿ, ದಿಕ್ಕು ತಪ್ಪುತ್ತೆ. ಒಂದೇ ಒಂದು ನಾಣ್ಯ ಹಿಡ್ಕೊಳ್ಳಿ. ಹೊಸಬರಿಗೆ ನಾನು ಹೇಳೋದು ಘೇಂಡಾಮೃಗದ ನಾಲ್ಕಾಣೆ. 1988ರಿಂದ 2002, ಹದಿನೈದು ವರ್ಷ, ಎಲ್ಲೆಲ್ಲೂ ಸಿಗುತ್ತೆ, ಕಾಸೂ ಖರ್ಚಿಲ್ಲ.

ಒಂದನ್ನ ಕೈಗೆ ತಗೊಳ್ಳಿ, ಅಂಚು ಹಿಡೀರಿ, ಮುಖದ ಮೇಲೆ ಹೆಬ್ಬೆಟ್ಟು ಒತ್ತಬೇಡಿ. ಕಿಟಕಿ ಹತ್ರ ಬೆಳಕು ಓರೆಯಾಗಿ ಬೀಳೋ ಹಾಗೆ ತಿರುಗಿಸ್ತಾ ಇಸವಿ ಹುಡುಕಿ. ಇಸವಿಯ ಕೆಳಗೆ ಸಾಸಿವೆಗಿಂತ ಸಣ್ಣದಾಗಿ ಒಂದು ಗುರುತು ಇರುತ್ತೆ, ಇಲ್ಲಾ ಇರಲ್ಲ. ಅದೇ ಟಂಕಸಾಲೆ ಗುರುತು, ಮಿಂಟ್ ಮಾರ್ಕ್. ವಜ್ರದಾಕಾರ ಇದ್ರೆ ಮುಂಬೈ, ಐದು ಮೂಲೆ ನಕ್ಷತ್ರ ಇದ್ರೆ ಹೈದರಾಬಾದ್, ದುಂಡು ಚುಕ್ಕೆ ಇದ್ರೆ ನೋಯ್ಡಾ, ಏನೂ ಇಲ್ದೆ ಖಾಲಿ ಇದ್ರೆ ಕಲ್ಕತ್ತ. ಕೆಲವು ವರ್ಷ ಹೈದರಾಬಾದಿನೋರು ನಕ್ಷತ್ರದ ಬದಲು ನಡುವೆ ಸೀಳಿದ ವಜ್ರ, ಒಳಗೆ ಚುಕ್ಕೆ ಇರೋ ವಜ್ರನೂ ಹಾಕಿದಾರೆ, ಅದನ್ನ ಮುಂಬೈ ಅಂತ ತಪ್ಪಾಗಿ ಬರ್ಕೊಳ್ಳೋರು ಜಾಸ್ತಿ, ಒಂದು ಹತ್ತು ಪಟ್ಟಿನ ಭೂತಗನ್ನಡಿ ಇದ್ರೆ ಆ ತಪ್ಪಾಗಲ್ಲ, ಗಡಿಯಾರ ರಿಪೇರಿಯೋರು ಕಣ್ಣಿಗೆ ಸಿಕ್ಕಿಸ್ಕೊಳ್ತಾರಲ್ಲ ಅದೂ ಆಗುತ್ತೆ. ಇನ್ನೊಂದು, ನೋಯ್ಡಾ ಟಂಕಸಾಲೆ ನಾಣ್ಯ ಹೊಡೆಯೋಕೆ ಶುರು ಮಾಡಿದ್ದೇ 1988ರಲ್ಲಿ, ಅದಕ್ಕಿಂತ ಹಳೇ ನಾಣ್ಯದಲ್ಲಿ ಚುಕ್ಕೆ ಕಂಡ್ರೆ ಅದು ನೋಯ್ಡಾ ಅಲ್ಲ, ಮುಂಬೈ. 1985ರ ಒಂದು ರೂಪಾಯಿ ಸಿಕ್ರೆ ಇಸವಿ ಕೆಳಗೆ ಇಂಗ್ಲಿಷಿನ ಎಚ್ ಅಕ್ಷರ ಇದೆಯಾ ನೋಡಿ, ಆ ವರ್ಷಗಳಲ್ಲಿ ದೇಶದಲ್ಲಿ ಚಿಲ್ರೆಗೆ ಬರ ಬಂದು ಹೊರದೇಶದಲ್ಲಿ ಹೊಡೆಸಿ ತರಿಸಿದ್ರು, ಎಚ್ ಅಂದ್ರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹೀಟನ್ ಮಿಂಟ್. ಬರ್ಮಿಂಗ್‌ಹ್ಯಾಮಲ್ಲಿ ಹುಟ್ಟಿ ಮಂಡಿಪೇಟೆ ಗಲ್ಲಾಗೆ ಬಂದಿದ್ದ ಒಂದು ನನ್ ಹತ್ರ ಇದೆ, ಅದನ್ನ ಮೊದಲ ಸಲ ಗುರುತು ಹಿಡಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಒಂದು ಹಾಳೇಲಿ ಮನೆ ಗೀಚ್ಕೊಳ್ಳಿ, ಮೇಲಿಂದ ಕೆಳಗೆ ಇಸವಿ, ಅಡ್ಡಕ್ಕೆ ನಾಲ್ಕು ಟಂಕಸಾಲೆ. ಸಿಕ್ಕಿದ್ದಕ್ಕೆ ಟಿಕ್ ಹಾಕ್ತಾ ಹೋಗಿ. ಎಲ್ಲಾ ಮನೆ ತುಂಬಲ್ಲ, ಯಾಕಂದ್ರೆ ಕೆಲವು ವರ್ಷ ಕೆಲವು ಟಂಕಸಾಲೆಯೋರು ಆ ನಾಣ್ಯ ಹೊಡೆದೇ ಇರಲ್ಲ, ಅದನ್ನ ನಾಣ್ಯಗಳ ಪಟ್ಟಿ ಇರೋ ಕ್ಯಾಟಲಾಗ್ ನೋಡಿ ಅಡ್ಡಗೆರೆ ಎಳೆದುಬಿಡಿ.

ಜೊತೆಗೆ ಒಂದು ಅಯಸ್ಕಾಂತ, ಒಂದು ಸಣ್ಣ ಡಿಜಿಟಲ್ ತಕ್ಕಡಿ ಇಟ್ಕೊಳ್ಳಿ, ಗ್ರಾಮಿನ ನೂರನೇ ಭಾಗ ತೋರಿಸೋದು. ಇವೆರಡೇ ಅರ್ಧ ಕೆಲಸ ಮಾಡಿಕೊಡ್ತವೆ. ನಯಾಪೈಸೆ ಕಾಲದ 25, 50 ಮತ್ತೆ 1962ರ ದೊಡ್ಡ ಒಂದು ರೂಪಾಯಿ ಮೂರೂ ಅಪ್ಪಟ ನಿಕ್ಕಲ್, ಅಯಸ್ಕಾಂತಕ್ಕೆ ಟಕ್ ಅಂತ ಅಂಟ್ಕೊಳ್ತವೆ. ತೂಕ ನೋಡಿ ಎಷ್ಟು ಚೆನ್ನಾಗಿ ಲೆಕ್ಕ ಹಾಕಿದಾರೆ, ಎರಡೂವರೆ ಗ್ರಾಂ, ಐದು ಗ್ರಾಂ, ಹತ್ತು ಗ್ರಾಂ, ನಾಲ್ಕು ನಾಲ್ಕಾಣೆ ತಕ್ಕಡಿಗೆ ಹಾಕಿದ್ರೆ ಸರಿಯಾಗಿ ಒಂದು ರೂಪಾಯಿ ತೂಕ. ಎಪ್ಪತ್ತರ ದಶಕದಲ್ಲಿ ಅದೇ ನಾಣ್ಯಗಳು ತಾಮ್ರ-ನಿಕ್ಕಲ್ ಮಿಶ್ರಣ ಆದ್ವು, ಅವು ಅಂಟಲ್ಲ. ಆಮೇಲಿನ ಸ್ಟೀಲಿನವು ಮತ್ತೆ ಅಂಟ್ತವೆ. ಮನೇಲಿ 1947ರ ಹುಲಿ ಇರೋ ರೂಪಾಯಿ ಇದ್ರೆ ಅಯಸ್ಕಾಂತ ಹಿಡಿದು ನೋಡಿ, ಬೆಳ್ಳಿ ಅಂತ ಎಷ್ಟೋ ಜನ ಬೀರುವಿನಲ್ಲಿಟ್ಟು ಬೀಗ ಹಾಕಿದಾರೆ, ಅದು ನಿಕ್ಕಲ್ಲು. ನಿಜವಾದ ಬೆಳ್ಳಿ ರೂಪಾಯಿ ಅಂಟಲ್ಲ, ಅದರ ತೂಕ 11.66 ಗ್ರಾಂ, ನಾವು ಒಂದು ತೊಲ ಅಂತೀವಲ್ಲ ಅದು ಬೇರೇನಲ್ಲ, ಈ ರೂಪಾಯಿ ತೂಕವೇ. ತೂಕ ಅರ್ಧ ಗ್ರಾಂ ಆಚೆಈಚೆ ಇದ್ರೆ ಅನುಮಾನ ಪಡಿ.

ಇನ್ನು ಕೈಮುಗಿದು ಕೇಳ್ಕೊಳ್ಳೋ ವಿಷಯ. ತೊಳೀಬೇಡಿ.

ನಾನು ತೊಳೆದಿದ್ದೆ. ಗಲ್ಲಾದಲ್ಲಿ ಸಿಕ್ಕಿದ್ದ ಆ ಕಂಚಿನ ನಯಾಪೈಸೆ, 1957ರದ್ದು, ಕಾಫಿಪುಡಿ ಬಣ್ಣಕ್ಕೆ ತಿರುಗಿ ಸಮವಾಗಿ ಒಂದು ಮಂದ ಹೊಳಪು ಬಂದಿತ್ತು, ಐವತ್ತು ಅರವತ್ತು ವರ್ಷದ ಗಾಳಿ ಬೆವರು ಸೇರಿ ತಾನಾಗೇ ಕೂತಿದ್ದ ಪದರ ಅದು. ನಂಗೆ ಆಗ ಗೊತ್ತಿರ್ಲಿಲ್ಲ. ದೇವರ ಸಾಮಾನು ಬೆಳಗೋ ಹಾಗೆ ಹುಣಸೆಹಣ್ಣು ಉಪ್ಪು ಹಾಕಿ ಗಸಗಸ ತಿಕ್ಕಿದೆ. ಹೊಸ ತಾಮ್ರದ ಚೊಂಬಿನ ಹಾಗೆ ಗುಲಾಬಿ ಬಣ್ಣ ಬಂತು, ಖುಷಿಯಾಗಿ ಅಪ್ಪಂಗೆ ತೋರಿಸ್ದೆ. ಅಪ್ಪ ಒಂದೇ ಮಾತು ಅಂದ್ರು, "ಇದು ನಮ್ಮಂಗಡೀದು ಅನ್ಸಲ್ಲ ಕಣೋ ಈಗ." ಭೂತಗನ್ನಡಿ ಇಟ್ಟು ನೋಡಿದ್ರೆ ಮೇಲೆಲ್ಲ ಕೂದಲೆಳೆಯಂಥ ಗೀರು. ಒಂದು ತಿಂಗಳೊಳಗೆ ಮತ್ತೆ ಕಪ್ಪಾಯ್ತು, ಈ ಸಲ ಮಚ್ಚೆ ಮಚ್ಚೆಯಾಗಿ. ಹೋಗಿದ್ದು ವಾಪಸ್ ಬರಲ್ಲ. ಬ್ರಾಸೋ, ನಿಂಬೆಹಣ್ಣು, ಟೂತ್‌ಪೇಸ್ಟ್, ಬೂದಿ, ಯಾವುದೂ ಬೇಡ. ಬೆಲ್ಲದ ಜಿಗುಟೋ ಮಣ್ಣೋ ಅಂಟಿದ್ರೆ ಕುದಿಸಿ ಆರಿಸಿದ ಶುದ್ಧ ನೀರಲ್ಲಿ ಒಂದು ರಾತ್ರಿ ನೆನೆಹಾಕಿ, ಮೆತ್ತನೆ ಹತ್ತಿ ಬಟ್ಟೆ ಮೇಲಿಟ್ಟು ಒತ್ತಿ ನೀರು ಹೀರಿಸಿ, ಉಜ್ಜಬೇಡಿ, ಪೂರ್ತಿ ಒಣಗಿದ ಮೇಲೆ ಎತ್ತಿಡಿ. ಅಷ್ಟಕ್ಕೆ ಹೋಗದ ಕೊಳೆ ಇದ್ಕೊಳ್ಳಲಿ.

ಎತ್ತಿಡೋದ್ರಲ್ಲೂ ಅಷ್ಟೇ ಹುಷಾರಿ ಬೇಕು. ಸ್ಟೇಷನರಿ ಅಂಗಡೀಲಿ ಸಿಗೋ ಮೆತ್ತಗೆ ಬಗ್ಗೋ, ಒಂಥರಾ ವಾಸನೆ ಬರೋ ಪ್ಲಾಸ್ಟಿಕ್ ಆಲ್ಬಂ ಇದೆಯಲ್ಲ, ಅದು ಪಿವಿಸಿ, ಕೆಲವು ವರ್ಷಕ್ಕೆ ತಾಮ್ರ ಕಂಚಿನ ನಾಣ್ಯದ ಮೇಲೆ ಹಸಿರು ಜಿಡ್ಡು ತರಿಸುತ್ತೆ. ನಾಣ್ಯಕ್ಕೆ ಅಂತಲೇ ರಟ್ಟಿನ ಚೌಕ ಬರುತ್ತೆ, ನಡುವೆ ಗುಂಡು ಕಿಟಕಿ, ಅದಕ್ಕೆ ಮೈಲಾರ್ ಅನ್ನೋ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ನಾಣ್ಯ ಇಟ್ಟು ಮಡಚಿ ಸ್ಟೇಪಲ್ ಮಾಡೋದು, ಬಿಡಿ ಬಿಡಿಯಾಗಿ ಸಿಗುತ್ತೆ, ದುಬಾರಿ ಏನಲ್ಲ. ಸ್ಟೇಪಲ್ ಪಿನ್ ಚಪ್ಪಟೆ ಮಾಡಿ, ಇಲ್ಲಾಂದ್ರೆ ಪಕ್ಕದ ನಾಣ್ಯ ಗೀಚುತ್ತೆ. ಅಲ್ಯೂಮಿನಿಯಂ ಪೈಸೆಗಳಿಗೆ ತೇವ ಆಗಿಬರಲ್ಲ, ಬಿಳಿ ಹಿಟ್ಟು ಬಂದು ಮೈ ಗುಂಡಿ ಬೀಳುತ್ತೆ, ಶೂ ಡಬ್ಬಿ ಒಳಗೆ ಬರೋ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿಡಿ, ಮಳೆಗಾಲಕ್ಕೆ ಒಂದ್ಸಲ ಬದಲಾಯಿಸಿ. ಉಕ್ಕಿನ ಬೀರುವಿನ ಮೇಲಿನ ಖಾನೆ ಸಾಕು, ಅಡಿಗೆಮನೆ ಗೋಡೆ ಪಕ್ಕ ಬೇಡ.

ಆ ರಟ್ಟಿನ ಮೇಲೆ ಇಸವಿ, ಟಂಕಸಾಲೆ ಎಲ್ಲರೂ ಬರೀತಾರೆ. ನೀವು ಇನ್ನೊಂದು ಸಾಲು ಬರೀರಿ, ಎಲ್ಲಿ ಸಿಕ್ತು, ಯಾರು ಕೊಟ್ರು, ಯಾವತ್ತು. "ಗಲ್ಲಾ ತಳ, ಮಂಡಿಪೇಟೆ." "ಶಿರಾ ಅತ್ತೆ ಹೊಲಿಗೆ ಮೆಷಿನ್ ಡ್ರಾ." "ತಿಪಟೂರಿನ ಕೊಬ್ಬರಿ ವ್ಯಾಪಾರಿ ಮನೆ, ಹಳೇ ಲೆಕ್ಕದ ಪುಸ್ತಕದ ಜೊತೆ." ಇಸವಿ ಗುರುತೆಲ್ಲ ನಾಣ್ಯದ ಮೇಲೇ ಇದೆ, ನೂರು ವರ್ಷ ಬಿಟ್ಟು ನೋಡಿದ್ರೂ ಓದ್ಬಹುದು, ಈ ಸಾಲು ಮಾತ್ರ ನೀವು ಬರೀದಿದ್ರೆ ಅಲ್ಲಿಗೆ ಹೋಯ್ತು. ಆ ಹತ್ತೊಂಬತ್ತು ನಾಣ್ಯದ ಬೆಲೆ ಪೇಟೇಲಿ ಎಷ್ಟು ಅಂತ ನಾನು ಕೇಳೇ ಇಲ್ಲ, ಅವುಗಳ ಹಿಂದೆ ಬರೆದಿರೋ ನಾಲ್ಕು ಪದ ತೆಗೆದುಬಿಟ್ರೆ ನಂಗೆ ಅವು ಬರೀ ಹಳೇ ಲೋಹ.

ಮನೇದು ಮುಗೀತು ಅಂದ್ರೆ ಹೊರಗೆ. ಗುಜರಿ ಅಂಗಡಿಯೋರ ಪರಿಚಯ ಮಾಡ್ಕೊಳ್ಳಿ, 2011ರ ಆಮೇಲೆ ಎಷ್ಟೋ ಮನೆ ಚಿಲ್ರೆ ಚೀಲಗಟ್ಟಲೆ ಅಲ್ಲಿಗೇ ಬಂತು. ಎಂಟಾಣೆ ಥರ ಇನ್ನೂ ನಡೆಯೋ ನಾಣ್ಯ ಕರಗಿಸೋದು 2011ರ ನಾಣ್ಯ ಕಾಯ್ದೆ ಪ್ರಕಾರ ಅಪರಾಧ, ಆದ್ರಿಂದ ನಿಮ್ಮ ಹಾಗೆ ಇಟ್ಕೊಳ್ಳೋಕೆ ಕೇಳೋರು ಬಂದ್ರೆ ಅವರಿಗೂ ಸಮಾಧಾನ. ಬೆಳ್ಳಿ ಅಂಗಡಿಯೋರ ಹತ್ರ ತೂಕದ ಬೆಲೆಗೆ ಹಳೇ ರೂಪಾಯಿ ಸಿಗ್ಬಹುದು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ ಆಗುತ್ತಲ್ಲ, ಅಂಥ ಜಾತ್ರೆಗಳಲ್ಲಿ ನೆಲದ ಮೇಲೆ ಬಟ್ಟೆ ಹಾಸಿ ಹಳೇ ಕಾಸು ಇಟ್ಕೊಂಡಿರೋರು ಕಂಡ್ರೆ ನೋಡಿ, ಆದ್ರೆ ಅಲ್ಲಿ "ಈಸ್ಟ್ ಇಂಡಿಯಾ ಕಂಪನಿ" ಹೆಸರು ಹಾಕಿ ಮೇಲೆ ರಾಮ ಸೀತೆ ಹನುಮಂತ ಇರೋ ತಾಮ್ರದ ಬಿಲ್ಲೆ ಇಟ್ಟಿದ್ರೆ ಅದು ನಾಣ್ಯವೇ ಅಲ್ಲ, ಕಂಪನಿಯೋರು ಅಂಥದ್ದು ಯಾವತ್ತೂ ಚಲಾವಣೆಗೆ ಬಿಟ್ಟಿಲ್ಲ. ಭಕ್ತಿಯಿಂದ ದೇವರ ಮನೇಲಿ ಇಟ್ಕೊಳ್ಳಿ ಬೇಕಾದ್ರೆ, ಸಾವಿರ ಸಾವಿರ ಕೊಡಬೇಡಿ.

ಮೊಬೈಲಲ್ಲಿ "ಈ ಐದು ರೂಪಾಯಿ ನಿಮ್ ಹತ್ರ ಇದ್ರೆ ಹತ್ತು ಲಕ್ಷ" ಅಂತ ಬರುತ್ತಲ್ಲ, ಅದರ ಬಗ್ಗೆ ನಂಗೆ ತುಂಬಾ ಸಿಟ್ಟಿದೆ. ನಮ್ಮ ಬೀದಿಯ ಒಬ್ರು ರಿಟೈರ್ಡ್ ಮೇಷ್ಟ್ರು ಅಂಥದ್ದಕ್ಕೆ ಫೋನ್ ಮಾಡಿ ರಿಜಿಸ್ಟ್ರೇಷನ್ ಫೀಸು, ಆಮೇಲೆ ಟ್ಯಾಕ್ಸು, ಆಮೇಲೆ ಇನ್ನೇನೋ ಅಂತ ಪೆನ್ಷನ್ ದುಡ್ಡು ಕಳ್ಕೊಂಡ್ರು. ಈ ಥರ ಫೀಸು ಕಮಿಷನ್ ಕೇಳೋ ಅಧಿಕಾರ ಯಾರಿಗೂ ಕೊಟ್ಟಿಲ್ಲ, ನಾವು ಇಂಥ ವ್ಯವಹಾರವೇ ಮಾಡಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟಲ್ಲೇ ಪ್ರಕಟಣೆ ಕೊಟ್ಟಿದೆ. ಕೊಳ್ಳೋ ಮನಸಿದ್ದೋನು ನಿಮಗೆ ದುಡ್ಡು ಕೊಡ್ತಾನೆ, ನಿಮ್ಮ ಹತ್ರ ಕೇಳಲ್ಲ. ಮನೇಲಿ ವಯಸ್ಸಾದೋರಿಗೆ ಇದನ್ನ ಕೂರಿಸ್ಕೊಂಡು ಹೇಳಿ.

ಚಿಲ್ರೆ ಹುಚ್ಚು ಹಿಡಿದ ಮೇಲೆ ಮೈಸೂರು ಅರಸರ ಕಾಸಿಗೂ ಮನಸ್ಸು ಹೋಗುತ್ತೆ, ಹೋಗ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಇಪ್ಪತ್ತು ಕಾಸು ಒಂದ್ಸಲ ಕೈಯಲ್ಲಿ ಹಿಡಿದು ನೋಡಿ, ಒಂದು ಕಡೆ ಆನೆ, ಮೇಲೆ ಶ್ರೀ, ಇನ್ನೊಂದು ಕಡೆ ಕನ್ನಡ ಅಕ್ಷರದಲ್ಲೇ "ಮಯಿಲಿ ಕಾಸು ೨೦" ಅಂತ. ದಿನದ ಖರ್ಚಿನ ದುಡ್ಡಿನ ಮೇಲೆ ನಮ್ಮ ಅಕ್ಷರ ಇತ್ತು ಅಂತ ಬೆರಳಲ್ಲಿ ಸವರಿ ನೋಡೋದು ಬೇರೇನೇ ಅನುಭವ. 1843ಕ್ಕೆ ಅದೂ ನಿಂತೋಯ್ತು. ಟಿಪ್ಪುವಿನ ಆನೆ ಕಾಸೂ ಸಿಗುತ್ತೆ, ಅದ್ರಲ್ಲಿ ಎಷ್ಟೋ ಕಾಸಿನ ಇಸವಿ ಬಲದಿಂದ ಎಡಕ್ಕೆ ಓದಬೇಕು. ಇವೆಲ್ಲ ಬಿಲ್ ಕೊಡೋ ವ್ಯಾಪಾರಿ ಹತ್ರಾನೇ ತಗೊಳ್ಳಿ. ಶಿರಾ, ಮಧುಗಿರಿ ಕಡೆ ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ಕುಡಿಕೆ ಸಿಕ್ತು ಅಂತ ಯಾರಾದ್ರೂ ಗುಟ್ಟಾಗಿ ತಂದ್ರೆ ಮುಟ್ಟಬೇಡಿ, ನೆಲದಲ್ಲಿ ಸಿಕ್ಕಿದ ನಿಧಿಗೆ ನಮ್ಮ ರಾಜ್ಯದಲ್ಲಿ 1962ರ ಕಾಯ್ದೆ ಇದೆ, ಸರ್ಕಾರಕ್ಕೆ ತಿಳಿಸಲೇಬೇಕು, ತಹಶೀಲ್ದಾರ್ ಕಚೇರಿ ದಾರಿ ತೋರಿಸಿ.

ಡಬಲ್ ಬಂದಿದ್ದನ್ನ ಮಾರೋದಕ್ಕಿಂತ ಬದಲಾಯಿಸ್ಕೊಳ್ಳಿ. ನಿಮ್ಮ ಹತ್ರ ಎರಡು ನಕ್ಷತ್ರ ಇದ್ರೆ ಇನ್ನೊಬ್ಬರ ಹತ್ರ ಎರಡು ವಜ್ರ ಇರುತ್ತೆ, ಬೆಂಗಳೂರಲ್ಲಿ ನಾಣ್ಯ ಪ್ರದರ್ಶನ ಆದಾಗ ರೈಲು ಹತ್ತಿ ಹೋಗ್ಬನ್ನಿ, ಜೇಬಲ್ಲಿ ಆ ಮನೆ ಗೀಚಿದ ಹಾಳೆ ಇರ್ಲಿ.

ಕೈಗೆ ಬಂದಿದ್ದೇ ಕಲೆಕ್ಷನ್ ಅಂತಲೂ ಇಲ್ಲ. ಗುಬ್ಬಿ ಹತ್ರದ ಹಳ್ಳೀಲಿ ನಮ್ಮಮ್ಮನ ಅಮ್ಮ ಇದಾರೆ, ಅವರ ಗೌರಿ ಕಳಶದೊಳಗೆ ಪ್ರತಿ ವರ್ಷ ಒಂದೇ ನಾಣ್ಯ ಬೀಳೋದು. ಹೋದ ಹಬ್ಬಕ್ಕೆ ಹೋದಾಗ ಕೇಳ್ದೆ, "ಅಜ್ಜಿ, ಒಂದ್ಸಲ ನೋಡ್ಲಾ?" ಅಜ್ಜಿ ಕಳಶದ ನೀರು ಗಿಡಕ್ಕೆ ಸುರಿದು ನಾಣ್ಯ ಸೆರಗಲ್ಲಿ ಒರೆಸಿ ನನ್ನ ಅಂಗೈ ಮೇಲಿಟ್ರು. 1950ರ ಎರಡಾಣೆ, ಬಸವನ ಬೆನ್ನು ಸವೆದು ನುಣ್ಣಗಾಗಿದೆ, ಕೊಂಬು ಮಾತ್ರ ಇನ್ನೂ ಬೆರಳಿಗೆ ಸಿಗುತ್ತೆ. "ನಿಂಗೆ ಬೇಕೇನೋ ಮಗಾ, ತಗೋ" ಅಂದ್ರು. ಬೇಡ ಅಜ್ಜಿ ಅಂದೆ. ಅಂಚು ಹಿಡಿದು ಎರಡೂ ಮುಖದ ಫೋಟೋ ತಗೊಂಡೆ, ತಕ್ಕಡಿ ತಗೊಂಡು ಹೋಗಿದ್ದೆ, ತೂಕ ಬರ್ಕೊಂಡೆ, ಅಜ್ಜಿಗೆ ಅದು ಯಾರು ಕೊಟ್ಟಿದ್ದು ಅಂತ ಕೇಳ್ದೆ, ಮದುವೆಯಾಗಿ ಬಂದ ವರ್ಷ ಅತ್ತೆ ಕಳಶಕ್ಕೆ ಹಾಕಿದ್ದಂತೆ. ನನ್ನ ಬುಕ್ಕಲ್ಲಿ ಅದಕ್ಕೆ ಒಂದು ಪೂರ್ತಿ ಪುಟ ಇದೆ. ನಾಣ್ಯ ಕಳಶದಲ್ಲೇ ಇದೆ.